ದೇವರ ಮುಂದಿನ ಪುಸ್ತಕ

ಪಕ್ಕದ ಮನೆಯ ಸಾವಿತ್ರಮ್ಮ ಇವತ್ತು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಬಿ.ಕಾಂ. ಸೀಟು ಸಿಕ್ಕಿದೆ. “ತೆರಿಗೆ ವಿಷಯ ಓದಿದ್ರೆ ಏನೇನು ಕೆಲಸ ಸಿಗುತ್ತೆ ಅಂತ ನೀವೇ ಹೇಳ್ಬೇಕು ಸಾರ್” ಎಂದರು. ಇನ್‌ಸ್ಪೆಕ್ಟರ್ ಆಗಬಹುದು, ಆಡಿಟರ್ ಕಚೇರಿ ಸೇರಬಹುದು, ವರ್ತಕರ ಪರ ವಾದಿಸಬಹುದು ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಹೊಸ ಪಠ್ಯಪುಸ್ತಕ ಮುಂದಕ್ಕೆ ಹಿಡಿದಳು. ರಟ್ಟಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಆ ವಾಸನೆಗೆ ಹಳೆಯದೊಂದು ಪುಸ್ತಕ ನೆನಪಾಯಿತು.

ನಾನು ಕಾಲೇಜಿನಲ್ಲಿದ್ದಾಗ ಮಾರಾಟ ತೆರಿಗೆ ಬಂದು ಇನ್ನೂ ಕೆಲವೇ ವರ್ಷವಾಗಿತ್ತು. ದೇಶೋದ್ಧಾರಕ್ಕೆಂದು ಆ ವಿಷಯ ಆರಿಸಿಕೊಂಡೆ ಎಂದುಕೊಳ್ಳಬೇಡಿ. ಪಾಸಾದರೆ ಸರ್ಕಾರಿ ಕೆಲಸ ಖಂಡಿತ ಎಂದು ಯಾರೋ ಹೇಳಿದ್ದರು, ಅಷ್ಟೇ. ಕೆಸರೆಯಾಚೆಯ ರಾಗಿ ಹೊಲದವರು ನಾವು. ಕಂದಾಯ ಬಿಟ್ಟರೆ ಬೇರೆ ತೆರಿಗೆಯ ಹೆಸರೇ ಕೇಳಿದವರಲ್ಲ.

ಓದುವಾಗ ನನಗೆ ಅನ್ನ ಹಾಕಿದವರು ನಜರ್‌ಬಾದಿನ ದಿನಸಿ ಅಂಗಡಿಯ ಮರಿಬಸಪ್ಪನವರು. ಅಂಗಡಿಯ ಹಿಂದೆಯೇ ಮನೆ. ಸಂಜೆ ಅವರ ಲೆಕ್ಕ ಬರೆದುಕೊಡುತ್ತಿದ್ದೆ, ರಾತ್ರಿ ಅಲ್ಲೇ ಊಟ. ನಾನು ಬರೆಯುತ್ತಿದ್ದದ್ದು ಸರ್ಕಾರಕ್ಕೆ ತೋರಿಸುವ ಪುಸ್ತಕ. ಅದರಲ್ಲಿ ವ್ಯಾಪಾರ ಅರ್ಧಕ್ಕೆ ಇಳಿದಿರುತ್ತಿತ್ತು. ನಿಜವಾದ ಲೆಕ್ಕದ ಪುಸ್ತಕ ದೀಪಾವಳಿಯಲ್ಲಿ ಮೂಲೆಗಳಿಗೆ ಅರಿಶಿನ ಹಚ್ಚಿಸಿಕೊಂಡು, ಪೂಜೆಯಾಗಿ ಅಂಗಡಿಯ ದೇವರ ಗೂಡಿನಲ್ಲಿ ಕೂತಿರುತ್ತಿತ್ತು. ಅದನ್ನು ಸ್ನಾನ ಮಾಡಿ, ವಿಭೂತಿ ಧರಿಸಿ ಅವರೇ ಬರೆಯುತ್ತಿದ್ದರು.

“ಎರಡು ಯಾಕೆ ಯಜಮಾನ್ರೇ? ನಿಜದ್ದನ್ನ ಸುಟ್ಟಾಕ್ಬುಡಿ” ಎಂದಿದ್ದೆ ಒಮ್ಮೆ, ಮಹಾ ಬುದ್ಧಿವಂತನ ಹಾಗೆ.

“ಛೇ, ಬುಡ್ತು ಅನ್ನೋ! ಸರ್ಕಾರಕ್ಕೆ ಸುಳ್ಳು ಹೇಳ್ಬೋದು ಕಣೋ, ಶಿವನಿಗೆ ಎಂಗೆ ಹೇಳ್ಲಿ?”

ಅವರ ಹೆಂಡತಿ ಗೌರಮ್ಮ ನಕ್ಕು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ್ದರು. ಆ ಮನೆಯ ಅವರೇಕಾಳಿನ ಸಾರಿನಂಥದ್ದು ನಾನು ಮತ್ತೆಲ್ಲೂ ಉಂಡಿಲ್ಲ.

ಪಾಸಾದೆ, ಇನ್‌ಸ್ಪೆಕ್ಟರ್ ಆದೆ. ಎರಡು ವರ್ಷ ಕಳೆದರೂ ಕೆಲಸ ಕಾಯಂ ಆಗಿರಲಿಲ್ಲ. ಒಂದು ದಿನ ನಮ್ಮ ಕಚೇರಿಯ ಸಾಹೇಬರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ತಪಾಸಣೆಗೆ ಹೊರಟರು. ಜೀಪು ನಿಂತದ್ದು ಮರಿಬಸಪ್ಪನವರ ಅಂಗಡಿಯ ಮುಂದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೂಟೆಗಳನ್ನೆಲ್ಲ ಸರಿಸಿ ಹುಡುಕಿದರೂ ಏನೂ ಸಿಗಲಿಲ್ಲ. “ನಿನ್ನಿಂದ ಒಂದು ಕೆಲಸವೂ ಆಗೋಲ್ಲ ಕಣಯ್ಯ. ಕಾಯಂ ಬೇರೆ ಆಗ್ಬೇಕಂತೆ!” ಎಂದು ಸಾಹೇಬರು ಎಲ್ಲರೆದುರು ಗದರಿದರು.

ನಾನು ದೇವರ ಗೂಡಿನತ್ತ ಬೆರಳು ತೋರಿಸಿದೆ. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ. ನಾನೇ ಮುಂದೆ ಹೋಗಿ ಕೈ ಚಾಚಿದೆ.

ಮರಿಬಸಪ್ಪನವರು ಬೈಯಲಿಲ್ಲ. “ಕೈ ತೊಳ್ಕಂಡು ಮುಟ್ಟಪ್ಪ, ದೇವ್ರ ಪುಸ್ತಕ” ಎಂದರು. ಗೌರಮ್ಮ ಚೊಂಬಿನಲ್ಲಿ ನೀರು ತಂದು ನನ್ನ ಕೈಗೆ ಹುಯ್ದರು. ಊಟಕ್ಕೆ ಮುಂಚೆ ಎಷ್ಟು ಸಲ ಹಾಗೆ ಹುಯ್ದಿದ್ದರೋ.

ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ಸಾಹೇಬರು ಕನ್ನಡಕ ಏರಿಸಿದರು. “ಈ ಸುಳ್ಳು ಲೆಕ್ಕದ ಹಳೇ ಹಾಳೆಗಳಲ್ಲಿ ಬೇರೆ ಅಕ್ಷರ ಇದೆ. ಯಾರು ಬರೆದದ್ದು?”

ಅದು ನನ್ನದೇ ಅಕ್ಷರ. ಮರಿಬಸಪ್ಪನವರು ಒಂದು ಮಾತು ಆಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ. ಅವರು ನನ್ನ ಮುಖವನ್ನೇ ನೋಡಿದರು.

“ನಾನೇ ಸ್ವಾಮಿ. ಆಗ ಕೈ ನೋವಿತ್ತು, ಅಕ್ಷರ ಅಂಗೆ ಬಂದ್ಬುಟ್ಟಿದೆ.”

ಶಿವನ ಗೂಡಿನ ಎದುರಿಗೇ ನಿಂತು ಹೇಳಿದರು.

ದಂಡಕ್ಕೆ ಅಂಗಡಿ ಹೋಯಿತು. ಮರುವರ್ಷದ ದೀಪಾವಳಿಗೆ ಮರಿಬಸಪ್ಪನವರೇ ಬದುಕಿರಲಿಲ್ಲ. ನಾನು ಕಾಯಂ ಆದೆ, ಬಡ್ತಿ ಪಡೆದೆ, ಶ್ರೀರಾಂಪುರದಲ್ಲಿ ಈ ಮನೆ ಕಟ್ಟಿಸಿದೆ. ಗೌರಮ್ಮನವರನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಹೇಡಿ ನಾನು, ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

“ಸಾರ್, ನಿಮ್ಮ ಕೈಯಿಂದಲೇ ಅವಳ ಹೆಸರು ಬರೆದುಕೊಡಿ. ನಿಮ್ಮಂಥೋರ ಕೈಗುಣ ಬೇಕು” ಎಂದು ಸಾವಿತ್ರಮ್ಮ ಪುಸ್ತಕವನ್ನು ನನ್ನ ಮುಂದಿಟ್ಟರು.

“ಒಂದು ನಿಮಿಷ ಇರಮ್ಮ” ಎಂದು ಎದ್ದು ಹಿತ್ತಿಲ ನಲ್ಲಿಗೆ ಹೋದೆ. ಸೋಪು ಹಚ್ಚಿ ಕೈ ತೊಳೆದೆ. ಮತ್ತೆ ತೊಳೆದೆ. ಒಳಗಿನಿಂದ ಹುಡುಗಿ ಎರಡು ಸಲ ಕರೆದಳು. ನಾನು ಇನ್ನೂ ತೊಳೆಯುತ್ತಲೇ ಇದ್ದೆ.