ಎರಡನೇ ಪೇಪರಿನಲ್ಲಿ ಫೇಲಾದ ಗಂಡ

ಕತ್ತರಿಯಮ್ಮನಿಗೆ ಆ ಹೆಸರು ಬಂದದ್ದು ಅವಳ ಕೈಯಿಂದಲೋ ನಾಲಿಗೆಯಿಂದಲೋ ಎಂಬ ವಿಷಯದಲ್ಲಿ ಬೀದಿಯವರಿಗೆ ಒಮ್ಮತವಿಲ್ಲ. ಮದುವೆಯಾಗಿ ಬಂದಾಗ ಅವಳ ಹಿಂದೆಯೇ ಒಂದು ಹೊಲಿಗೆ ಯಂತ್ರವೂ ಬಂತು. ಮನೆಯಲ್ಲಿ ಅದಕ್ಕೆ ಸಿಕ್ಕ ಜಾಗ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನ ಓಣಿ. ಅಲ್ಲಿ ಕೂತರೆ ಒಂದು ಕಿವಿಗೆ ಕುಕ್ಕರು, ಇನ್ನೊಂದು ಕಿವಿಗೆ ಬಕೆಟ್ಟು. ಎರಡೂ ಕರೆದಾಗ ಎದ್ದು ಹೋಗಿ, ಮತ್ತೆ ಬಂದು, ಬಿಟ್ಟ ಹೊಲಿಗೆಯ ತುದಿ ಹುಡುಕಿಕೊಂಡು, ಊರಿನ ಅರ್ಧ ಮಕ್ಕಳ ಶಾಲಾ ಸಮವಸ್ತ್ರವನ್ನು ಅವಳು ಅದೇ ಓಣಿಯಲ್ಲಿ ಹೊಲಿದಳು. ಅಳತೆ ಪಟ್ಟಿ ಸದಾ ಕೊರಳಲ್ಲಿ. ಮೈ ನೋಡಿದರೆ ಸಾಕು, ಅಳತೆ ಹೇಳುತ್ತಿದ್ದಳು. ಮನಸ್ಸಿನ ಅಳತೆಯನ್ನೂ ಹೇಳುತ್ತಿದ್ದಳು, ಕೇಳದಿದ್ದರೂ.

ಗಂಡನದೂ ಅಳತೆಯದೇ ಕೆಲಸ. ಭೂಮಿ ಅಳೆಯುವ ಇಲಾಖೆಯಲ್ಲಿದ್ದು ನಿವೃತ್ತನಾದವನು. ಎಲ್ಲರ ಬಾಯಲ್ಲಿ ಸರ್ವೇಯರಪ್ಪ. ಊರಿನ ಯಾವ ಬೇಲಿ ಯಾರ ಜಮೀನಿನೊಳಗೆ ಎಷ್ಟು ನುಗ್ಗಿದೆ ಎಂಬುದು ಅವನಿಗೆ ಬಾಯಿಪಾಠ. ತನ್ನ ಮನೆಯ ಅಡುಗೆಮನೆ ಎಷ್ಟು ಉದ್ದ ಎಂದು ಕೇಳಿದರೆ ಮಾತ್ರ ಅಂದಾಜಿನ ಮೇಲೆ ಹೇಳಬೇಕಿತ್ತು. ಅದರ ಎಲ್ಲೆ ಅವನು ದಾಟಿದವನಲ್ಲ.

ಈ ಸಂಸಾರ ಹೀಗೇ ಸಾಗುತ್ತಿದ್ದಾಗ ಕತ್ತರಿಯಮ್ಮನ ತಂಗಿಯ ಫೋನು ಬಂತು. ತಂಗಿ ಬೇರೆ ಊರಿನಲ್ಲಿ ಸಮವಸ್ತ್ರ ಹೊಲಿಸುವ ದೊಡ್ಡ ಅಂಗಡಿ ಇಟ್ಟಿದ್ದಳು. ಶಾಲೆ ತೆರೆಯುವ ಮುಂಚಿನ ಮೂರು ತಿಂಗಳು ಬಟ್ಟೆ ಕತ್ತರಿಸಲು ನಂಬುವಂಥ ಕೈ ಬೇಕಿತ್ತು.

"ಅಕ್ಕಾ, ನಿಂಗೆ ಅಂತ ಒಂದು ಟೇಬಲ್ ಮಾಡಿಸಿದೀನಿ. ನಾಲ್ಕು ಜನ ಮಲಗಬಹುದು, ಅಷ್ಟು ಅಗಲ. ಕಿಟಕಿ ಪಕ್ಕ."

ಕತ್ತರಿಯಮ್ಮನಿಗೆ ಸಂಬಳದ ಮಾತು ಕಿವಿಗೇ ಬೀಳಲಿಲ್ಲ. ಟೇಬಲ್ಲಿನ ಮಾತು ಬಿತ್ತು. ಇಷ್ಟು ವರ್ಷ ಅವಳು ಬಟ್ಟೆ ಕತ್ತರಿಸಿದ್ದು ನೆಲದ ಮೇಲೆ, ಮೊಣಕಾಲೂರಿ, ಯಾರಾದರೂ ತುಳಿಯುವ ಮುಂಚೆ.

"ಬರ್ತೀನಿ," ಅಂದುಬಿಟ್ಟಳು.

ಹೊರಡುವ ಮುಂಚೆ ಗಂಡನಿಗೆ ಒಂದು ಮಧ್ಯಾಹ್ನದ ಮಟ್ಟಿಗೆ ಮನೆ ಒಪ್ಪಿಸಿ, ದಾರ ತರಲು ಪೇಟೆಗೆ ಹೋದಳು. ವಾಪಸು ಬಂದಾಗ ಬೀದಿಗೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಸರ್ವೇಯರಪ್ಪ ಚಹಾ ಮಾಡಿಕೊಳ್ಳಲು ಹೋಗಿ ಕರೆಂಟಿನ ಕೆಟಲ್ಲನ್ನು ಗ್ಯಾಸ್ ಒಲೆಯ ಮೇಲಿಟ್ಟಿದ್ದ. ಅದರ ತಳ ಬರ್ನರಿಗೆ ಅಂಟಿಕೊಂಡು ಕರಗಿ ಇಳಿದಿತ್ತು.

"ನೀರು ಕಾಯಿಸೋ ಪಾತ್ರೆ ಅಂದ್ಮೇಲೆ ಎಲ್ಲಿಟ್ರೂ ಕಾಯಬೇಕಪ್ಪ," ಎಂದ ಅವನು, ತಪ್ಪು ಕೆಟಲ್ಲಿನದೇ ಎಂಬಂತೆ.

ಕತ್ತರಿಯಮ್ಮನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಗಾಬರಿಯಾದದ್ದು ಮಗಳಿಗೆ. ಮೂರು ಬೀದಿ ಆಚೆ ಇದ್ದ ಮಗಳು ಓಡಿಬಂದು ಕರಗಿದ ಕೆಟಲ್ ನೋಡಿ ಕಣ್ಣೀರು ಹಾಕಿದಳು. "ಅಮ್ಮಾ, ಅಪ್ಪಂಗೆ ಮರೆವಿನ ಕಾಯಿಲೆ ಶುರುವಾಗಿದೆ. ಇಂಥವರನ್ನ ಒಬ್ಬರನ್ನೇ ಬಿಟ್ಟು ಹೋಗ್ತೀಯಾ? ಮೊದಲು ಪರೀಕ್ಷೆ ಮಾಡಿಸೋಣ. ಡಾಕ್ಟರು ಒಬ್ಬರೇ ಇರಬಹುದು ಅಂದ್ರೆ ಹೋಗು. ಇಲ್ಲಾಂದ್ರೆ ಚಿಕ್ಕಮ್ಮಂಗೆ ಬರಲ್ಲ ಅಂತ ಹೇಳಿಬಿಡು."

"ನಿಮ್ಮನೇಲಿ ಇಟ್ಕೋ ಮೂರು ತಿಂಗಳು."

"ನಮ್ಮನೇಲಿ ಆಗ್ಲೇ ಒಬ್ಬರಿದಾರಲ್ಲಮ್ಮ," ಎಂದಳು ಮಗಳು. ಅಳಿಯನ ಸುದ್ದಿ ಅಷ್ಟಕ್ಕೇ ಮುಗಿಯಿತು.

ಹೀಗೆ ಟೇಬಲ್ಲಿನ ವಿಷಯ ಆಸ್ಪತ್ರೆಗೆ ಹೋಯಿತು. ಪರೀಕ್ಷೆಯ ಕೋಣೆ ಚಿಕ್ಕದು. ಒಂದು ಮೇಜು, ಒಂದು ಗೋಡೆ ಗಡಿಯಾರ, ಅದನ್ನು ಮುಚ್ಚಲು ಒಂದು ಬಟ್ಟೆ. ಪರೀಕ್ಷೆ ಮಾಡುವವಳು ತೆಳ್ಳನೆಯ ಹುಡುಗಿ. ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಗಂಡನ ಹಿಂದಿನ ಕುರ್ಚಿಯಲ್ಲಿ ಕತ್ತರಿಯಮ್ಮನನ್ನು ಕೂರಿಸಿದಳು.

"ಸರ್, ಇವತ್ತು ಯಾವ ವಾರ?"

ಸರ್ವೇಯರಪ್ಪನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು. ಕತ್ತರಿಯಮ್ಮನ ಬಾಯಿಯೂ ತಾನಾಗಿಯೇ ತೆರೆಯಿತು.

"ಅಮ್ಮ, ನೀವು ಹೇಳ್ಬಾರ್ದು."

"ನಾನೆಲ್ಲಿ ಹೇಳ್ದೆ, ಉಸಿರು ಬಿಟ್ಟೆ."

ಹೆಂಡತಿಯ ದಾರಿ ಮುಚ್ಚಿದ ಮೇಲೆ ಅವನ ತಲೆ ಚೆನ್ನಾಗಿಯೇ ಓಡಿತು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಹುಡುಗಿ ಸಾಕು ಎಂದರೂ ನಿಲ್ಲಿಸಲಿಲ್ಲ. ಹೇಳಿಕೊಟ್ಟ ಐದು ಪದಗಳನ್ನು ನೇರವಾಗಿ ಹೇಳಿ, ಯಾರೂ ಕೇಳದಿದ್ದರೂ ಹಿಂದುಮುಂದಾಗಿಯೂ ಹೇಳಿದ. ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಮಾತ್ರ ಪೆನ್ಸಿಲ್ ಎತ್ತಿ ಹಿಡಿದು ಕೇಳಿದ:

"ಸ್ಕೇಲ್ ಬಳಸಬಹುದಾ? ಮುಳ್ಳುಗಳ ಉದ್ದ ಯಾವ ಪ್ರಮಾಣದಲ್ಲಿರಬೇಕು?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್. ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ."

ಕತ್ತರಿಯಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ಇಂಥದೊಂದು ವಾಕ್ಯ ಪ್ರಪಂಚದಲ್ಲಿ ಇದೆ ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಜಗಳವಿಲ್ಲ, ಗೊಣಗಿಲ್ಲ, ಎದ್ದು ಹೋಗುವುದೂ ಇಲ್ಲ. ಹುಡುಗಿ ಅದನ್ನು ಹೇಳಿ ಕೈಕಟ್ಟಿ ಕೂತಳು. ಗಂಡಸು ಬಾಯಿ ಮುಚ್ಚಿಕೊಂಡು ಗಡಿಯಾರ ಬರೆದ.

ಮೊದಲನೇ ಪೇಪರಿನಲ್ಲಿ ಪೂರ್ತಿ ಅಂಕ. ಸರ್ವೇಯರಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡ. ಆಮೇಲೆ ಹುಡುಗಿ ಎರಡನೇ ಪೇಪರ್ ತೆಗೆದಳು. ಇದು ದಿನನಿತ್ಯದ ಕೆಲಸಗಳದ್ದು. ಉತ್ತರ ಹೇಳಬೇಕಾದವರು ರೋಗಿಯಲ್ಲ, ರೋಗಿಯ ಜೊತೆ ಬಾಳುವವರು.

"ಅಮ್ಮ, ಸರ್ ತಮ್ಮ ಊಟ ತಾವೇ ಮಾಡ್ಕೋತಾರಾ?"

"ತಿನ್ನೋದಾ, ಬೇಯಿಸೋದಾ?"

"ಬೇಯಿಸೋದು."

"ಇಲ್ಲ."

"ಬಟ್ಟೆ ಒಗೆದುಕೊಳ್ಳೋದು?"

"ಇಲ್ಲ."

"ಮಾತ್ರೆ ನೆನಪಿಟ್ಟು ತಗೋತಾರಾ?"

"ಅಂಗೈ ಚಾಚ್ತಾರೆ. ನಾನು ಇಡ್ತೀನಿ."

ಹುಡುಗಿ ಒಂದೊಂದಕ್ಕೂ ಸೊನ್ನೆ ಬರೆಯುತ್ತ ಬಂದು, ಮೆಲ್ಲಗೆ ಕೇಳಿದಳು: "ಇದೆಲ್ಲ ಯಾವಾಗಿಂದ ನಿಂತುಹೋಯ್ತಮ್ಮ?"

"ನಿಲ್ಲೋಕೆ ಮೊದಲು ಶುರುವಾಗಬೇಕಲ್ಲ ಮಗಾ."

ಹೌದೂ ಅಲ್ಲವೂ ಇಲ್ಲದ ಆ ಮುಖದ ತುಟಿಯಂಚಿನಲ್ಲಿ ಏನೋ ಅಲ್ಲಾಡಿತು. ಆದರೆ ಕಾಗದದಲ್ಲಿ ಇದ್ದದ್ದು ಮೂರೇ ಮನೆ: ತಾವೇ ಮಾಡುತ್ತಾರೆ, ಸಹಾಯ ಬೇಕು, ಮಾಡಲಾರರು. ಯಾವತ್ತೂ ಮಾಡಿದವರೇ ಅಲ್ಲ ಎಂಬುದಕ್ಕೆ ಮನೆಯಿರಲಿಲ್ಲ.

ಎರಡೂ ಪೇಪರುಗಳನ್ನು ಮುಂದಿಟ್ಟುಕೊಂಡ ಡಾಕ್ಟರು ಕನ್ನಡಕ ಹಾಕಿ ತೆಗೆದರು. "ವಿಚಿತ್ರವಾಗಿದೆ. ಇದರ ಪ್ರಕಾರ ಇವರ ತಲೆ ಕಾಲೇಜು ಹುಡುಗನ ತಲೆ. ಇನ್ನೊಂದರ ಪ್ರಕಾರ ಅಂಗನವಾಡಿಗೂ ಸೇರಿಸಿಕೊಳ್ಳಲ್ಲ."

"ಎರಡೂ ಸರಿಯಾಗೇ ಇದೆ ಡಾಕ್ಟ್ರೇ," ಎಂದಳು ಕತ್ತರಿಯಮ್ಮ. "ನಿಮ್ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ?"

ಡಾಕ್ಟರು ಆ ಪ್ರಶ್ನೆಯನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ. ಕಾಯಿಲೆ ಇಲ್ಲ, ಆದರೆ ಈ ಸ್ಥಿತಿಯಲ್ಲಿ ಒಬ್ಬರನ್ನೇ ಬಿಡುವುದೂ ಕ್ಷೇಮವಲ್ಲ, ಆರು ವಾರ ಬಿಟ್ಟು ಬನ್ನಿ, ಎರಡನೇ ಪೇಪರ್ ಮತ್ತೆ ನೋಡೋಣ ಎಂದರು. ತಂಗಿಯ ಅಂಗಡಿಯಲ್ಲಿ ಕೆಲಸ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ವಾಪಸು ಬರುವ ಬಸ್ಸಿನಲ್ಲಿ ಕತ್ತರಿಯಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಮಾತು ತೆಗೆದದ್ದು ಸರ್ವೇಯರಪ್ಪ.

"ನಾನು ಫೇಲ್ ಅಂತಂದ್ರಾ ಅವರು?"

"ಹೂಂ."

"ಸರ್ವೀಸಿನಲ್ಲಿ ಎಷ್ಟು ಇಲಾಖಾ ಪರೀಕ್ಷೆ ಬರೆದಿದೀನಿ, ಒಂದ್ರಲ್ಲೂ ಫೇಲಾಗಿಲ್ಲ. ಸಿಲಬಸ್ ಗೊತ್ತಿದ್ರೆ ತಾನೇ ಓದ್ಕೊಳೋಕೆ?"

ಕತ್ತರಿಯಮ್ಮ ಬಸ್ಸಿನ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು. ಇಷ್ಟು ವರ್ಷ ಬೇಡಿ, ಬೈದು, ಅತ್ತು ಆಗದ ಕೆಲಸಕ್ಕೆ ಬೇಕಾಗಿದ್ದದ್ದು ಒಂದು ಪ್ರಶ್ನೆಪತ್ರಿಕೆ! "ಅಡುಗೆ, ಬಟ್ಟೆ, ಮಾತ್ರೆ, ಸಾಮಾನು ತರೋದು, ಫೋನು," ಎಂದಳು. "ಫೋನಲ್ಲಿ ನೀವು ಪಾಸು."

ಮಾರನೇ ಬೆಳಿಗ್ಗೆ ಸರ್ವೇಯರಪ್ಪ ಸ್ನಾನ ಮಾಡಿ, ಕ್ರಾಪು ಬಾಚಿ, ಪರೀಕ್ಷೆಗೆ ಹೋಗುವವನಂತೆ ಅಡುಗೆಮನೆ ಪ್ರವೇಶಿಸಿದ. ಅಕ್ಕಿಯ ಪಾತ್ರೆಗೆ ಸ್ಟೀಲ್ ಸ್ಕೇಲ್ ಇಳಿಬಿಟ್ಟು ನೀರಿನ ಮಟ್ಟ ನೋಡಿದ.

"ಲೇ, ಉಪ್ಪು ಎಷ್ಟು?"

ಓಣಿಯಲ್ಲಿದ್ದ ಕತ್ತರಿಯಮ್ಮನ ಕಾಲು ಎದ್ದುನಿಂತೇ ಬಿಟ್ಟವು. ಅವಳಿನ್ನೂ ಎದ್ದಿರಲಿಲ್ಲ, ಕಾಲು ಎದ್ದಿದ್ದವು. ಅವನ್ನು ಬಲವಂತವಾಗಿ ಕೂರಿಸಿ, ಹುಡುಗಿಯ ದನಿ ನೆನಪಿಸಿಕೊಂಡು ಹೇಳಿದಳು: "ಅದನ್ನ ನಾನು ಹೇಳೋ ಹಾಗಿಲ್ಲ ರೀ. ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ."

ಒಳಗೆ ಉಪ್ಪಿನ ಡಬ್ಬಿಯ ಮುಚ್ಚಳ ತೆರೆದ ಸದ್ದು. ಆ ದಿನದ ಅನ್ನ ಸಮುದ್ರದಿಂದ ಎದ್ದು ಬಂದಂತಿತ್ತು. ಇಬ್ಬರೂ ಮರ್ಯಾದೆಗೆ ತಿಂದರು, ಚೊಂಬುಗಟ್ಟಲೆ ನೀರು ಕುಡಿದರು.

ಅವನ ಪಾಠಕ್ಕಿಂತ ಅವಳ ಪಾಠವೇ ಕಷ್ಟದ್ದಾಗಿತ್ತು. ತಳ ಹಿಡಿಯುವ ವಾಸನೆ ಮೂಗಿಗೆ ಬಂದರೂ ಕೈ ಯಂತ್ರದ ಮೇಲಿರಬೇಕು. ಬಿಳಿಯ ಅಂಗಿಗಳ ನಡುವೆ ಅವನು ಹೊಸ ಕೆಂಪು ಟವಲ್ ನೆನೆಹಾಕುವುದು ಕಂಡರೂ ನಾಲಿಗೆ ಹಲ್ಲಿನ ಹಿಂದಿರಬೇಕು. ಒಂದು ವಾರ ಸರ್ವೇಯರಪ್ಪ ಗುಲಾಬಿ ಅಂಗಿಗಳಲ್ಲಿ ವಾಕಿಂಗ್ ಹೋದ. ಬಣ್ಣ ಚೆನ್ನಾಗಿ ಒಪ್ಪುತ್ತದೆ ಎಂದು ಯಾರೋ ಹೇಳಿದ ಮೇಲೆ, ಬೇಕೆಂದೇ ಹಾಗೆ ಮಾಡಿದ್ದು ಎಂದ.

ಅಷ್ಟರಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು: ಎರಡನೇ ಪೇಪರಿನ ಮಾರ್ಕ್ಸು ಇರುವುದು ಹೆಂಡತಿಯ ಬಾಯಲ್ಲಿ. ಅಂದಿನಿಂದ 'ಲೇ' ಹೋಗಿ 'ನೋಡಮ್ಮಾ' ಬಂತು. ಒಂದು ಸಂಜೆ ಓಣಿಗೆ ಚಹಾದ ಲೋಟವೇ ನಡೆದು ಬಂತು.

"ಏನ್ರೀ ಇದು?"

"ಚಹಾ."

"ಲಂಚ ಅಂದ್ಕೊಂಡೆ." ಒಂದು ಗುಟುಕು ಕುಡಿದಳು. "ಲಂಚಾನಾದ್ರೂ ಸ್ವಲ್ಪ ಬಿಸಿ ಇರಬಾರ್ದಾ?"

ಆದರೆ ಲೋಟ ಖಾಲಿ ಮಾಡಿದಳು. ಕೂತಲ್ಲಿಗೇ ಬಂದ ಚಹಾ ಎಷ್ಟು ತಣ್ಣಗಿದ್ದರೂ ಹಾಗೆ ಚೆಲ್ಲಲು ಮನಸ್ಸು ಬರುವುದಿಲ್ಲ.

ಆರು ವಾರವಾಯಿತು. ಅದೇ ಕೋಣೆ, ಅದೇ ಹುಡುಗಿ. ಸರ್ವೇಯರಪ್ಪ ಮುಂಚಿನ ದಿನ ಪಾತ್ರೆ ಉಜ್ಜಿದ ಕೈಗಳನ್ನು ಸಾಕ್ಷಿಯಂತೆ ಮೇಜಿನ ಮೇಲಿಟ್ಟಿದ್ದ.

"ಅಡುಗೆ?"

"ಮಾಡ್ತಾರೆ."

"ಚೆನ್ನಾಗಿ ಮಾಡ್ತಾರಾ?"

"ಅದು ನಿಮ್ಮ ಕಾಗದದಲ್ಲಿದೆಯಾ?"

"ಇಲ್ಲಮ್ಮ."

"ಹಾಗಾದ್ರೆ ಬಿಟ್ಟುಬಿಡಿ."

ಮಾತ್ರೆಗೆ ಪೂರ್ತಿ ಅಂಕ, ಸಾಮಾನಿಗೂ ಪೂರ್ತಿ. ಬಟ್ಟೆಯ ಪ್ರಶ್ನೆ ಬಂತು. ಸರ್ವೇಯರಪ್ಪನ ಕತ್ತು ಹಿಂದಕ್ಕೆ ತಿರುಗಿತು. ಈ ಸಲ ಉತ್ತರ ಕೇಳುವ ನೋಟವಲ್ಲ, ಬೇಡುವ ನೋಟ. ಹೌದು ಎಂದರೆ ಮುಗಿಯಿತು. ಟೇಬಲ್ಲು, ಕಿಟಕಿ, ಮೂರು ತಿಂಗಳು. ಕತ್ತರಿಯಮ್ಮ ಕೊರಳ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಇಂಚು ಕದ್ದು ಹೊಲಿದರೆ ಹಾಕಿಕೊಳ್ಳುವವನಿಗೆ ಬಿಗಿಯುತ್ತದೆ. ಇಲ್ಲಿ ಹಾಕಿಕೊಳ್ಳಬೇಕಾದವಳು ತಾನೇ: ಸುಳ್ಳು ಅಂಕದ ಗಂಡನನ್ನು ಬಿಟ್ಟು ಹೋದರೆ ಎರಡೇ ವಾರಕ್ಕೆ ವಾಪಸು ಬಾ ಎಂದು ಮಗಳ ಫೋನು.

"ನೆನೆಹಾಕ್ತಾರೆ," ಎಂದಳು. "ಅಲ್ಲಿಗೆ ಒಗೆದಾಯ್ತು ಅಂತ ಅವರ ನಂಬಿಕೆ. ಸಹಾಯ ಬೇಕು ಅಂತ ಬರ್ಕೊಳ್ಳಿ."

ಹುಡುಗಿ ಕೂಡಿಸಿದಳು. ಒಂದೇ ಅಂಕ ಕಡಿಮೆ. ಒಬ್ಬರೇ ಇರಬಹುದು ಎಂದು ಡಾಕ್ಟರು ಸಹಿ ಹಾಕಿದರು. ಸರ್ವೇಯರಪ್ಪ ಮೆಟ್ಟಿಲಿಳಿಯುವಾಗಲೂ ಕುದಿಯುತ್ತಿದ್ದ. "ಆ ಒಂದು ಮಾರ್ಕ್ಸು ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಹಿಂಡಿ ಒಣಗಿಹಾಕಿ, ಕೊಡ್ತೀನಿ."

ತಂಗಿಯ ಊರಿನಲ್ಲಿ ಟೇಬಲ್ಲು ಹೇಳಿದಷ್ಟೇ ಅಗಲವಾಗಿತ್ತು. ಕತ್ತರಿಯಮ್ಮ ಮೊದಲ ದಿನ ಅದರ ಮೇಲೆ ನೀಲಿ ಬಟ್ಟೆ ಹರಡಿ, ಯಾರೂ ತುಳಿಯದ ಆ ನೀಲಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡಳು. ಅಷ್ಟರಲ್ಲಿ ಫೋನು.

"ನೋಡಮ್ಮಾ, ಅಂಗಿ ಗುಂಡಿ ಕಿತ್ತುಬಂತು. ಇದು ಸಿಲಬಸ್ಸಿನಲ್ಲಿರಲಿಲ್ಲ. ಸೂಜಿ ದಾರ ಎಲ್ಲಿದೆ? ಹೇಗೆ ಹಾಕೋದು?"

ಯಂತ್ರದ ಎಡಗಡೆ ಎಳೆಯುವ ಖಾನೆ, ಹಸಿರು ಮುಚ್ಚಳದ ಡಬ್ಬಿ. ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಕತ್ತರಿಯಮ್ಮ ಅವನ್ನು ನುಂಗಿದಳು.

"ಅದನ್ನ ನಾನು ಹೇಳೋ ಹಾಗಿಲ್ಲ ರೀ. ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ."

ಅವನು ಫೋನು ಇಡಲಿಲ್ಲ. ಖಾನೆಗಳನ್ನು ಎಳೆಯುವ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ತುಂಬ ಹೊತ್ತು ಉಸಿರಾಟ. ಅವಳು ಫೋನನ್ನು ಬಟ್ಟೆಯ ಅಂಚಿನಲ್ಲಿಟ್ಟು ಕತ್ತರಿಸುತ್ತ ಹೋದಳು. ಒಂದು ಇಡೀ ತೋಳು ಕತ್ತರಿಸಿ ಮುಗಿಯುವ ಹೊತ್ತಿಗೆ ಆ ಕಡೆಯಿಂದ ದನಿ ಬಂತು.

"ಹಾಕಿದೆ. ಗಟ್ಟಿಯಾಗೇ ಕೂತಿದೆ." ಸ್ವಲ್ಪ ತಡೆದು, "ಆದ್ರೆ ಅಂಗಿಯ ಮುಂದೂ ಹಿಂದೂ ಸೇರ್ಕೊಂಡುಬಿಟ್ಟಿದೆ. ಮೈ ತೂರ್ತಿಲ್ಲ."

ಪರೀಕ್ಷೆ ಮಾಡುವವರು ನಗಬಾರದು. ಕತ್ತರಿಯಮ್ಮ ಫೋನನ್ನು ನೀಲಿ ಬಟ್ಟೆಯ ಮಡಿಕೆಯೊಳಗೆ ಸೇರಿಸಿ, ಮೇಲೆ ಇನ್ನೆರಡು ಮಡಿಕೆ ಹಾಕಿ, ಆಮೇಲೆ ನಕ್ಕಳು.