ಕಾಲರಿನ ಮೇಲಿನ ಭಂಡಾರ

ನನ್ನ ಮಾವನವರು ರಾಯಬಾಗದ ನಮ್ಮ ಚಿಕ್ಕ ಚರ್ಚಿನ ಸಭಾಪಾಲಕರಾಗಿದ್ದರು. ಚರ್ಚಿನ ಹಿರಿಯರು ನಮ್ಮ ಪಡಸಾಲೆಯಲ್ಲೇ ಸೇರುತ್ತಿದ್ದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಆ ಮನೆಗೆ ಸೊಸೆಯಾಗಿ ಬಂದ ನನ್ನ ಪಾಲಿಗೆ ಚಹಾ ಕೊಡುವ ಕೆಲಸ. ಯಾರು ಬಸಿಗೆ ಸುರಿದುಕೊಂಡು ಕುಡಿಯುತ್ತಾರೆ, ಯಾರ ಚಪ್ಪಲಿಗೆ ಕಬ್ಬಿನ ಹೊಲದ ಕರಿಮಣ್ಣು ಹತ್ತಿದೆ, ಎಲ್ಲವೂ ನನಗೆ ಕಾಣುತ್ತಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಬಳೆ ಮಾರುವ ಒಬ್ಬ ವಿಧವೆಯ ಮಗಳಿಗೆ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುತ್ತಾರೆ. ತಕರಾರಿದ್ದವರು ಆಗಲೇ ಹೇಳಬೇಕು. ಎರಡು ಸಲ ಓದಿಯಾಗಿತ್ತು. ಮೂರನೆಯದರ ಹೊತ್ತಿಗೆ ಹಿರಿಯರೊಬ್ಬರು ತಕರಾರು ತಂದರು. ಚರ್ಚಿನ ಸೂರಿಗೆ ತಗಡು ಹೊದಿಸಿಕೊಡುತ್ತಿದ್ದವರು ಅವರೇ. ಅರ್ಧ ಸೂರು ಇನ್ನೂ ಬಾಕಿ ಇತ್ತು. ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಚಿಂಚಲಿ ಮಾಯಕ್ಕನ ಜಾತ್ರೆಯಿಂದ ಬಂದು ಬಸ್ಸಿಳಿದಾಗ ಆ ವಿಧವೆಯ ಸೆರಗಿನ ಮೇಲೆ ಭಂಡಾರವಿತ್ತು ಎಂಬುದು ಅವರ ದೂರು. ಭಂಡಾರವೆಂದರೆ ಅಲ್ಲಿ ಭಕ್ತರು ಹಾರಿಸುವ ಅರಿಶಿನದ ಪುಡಿ. ವಿಗ್ರಹಕ್ಕೆ ಕೈಮುಗಿದವರನ್ನು ರೊಟ್ಟಿ-ದ್ರಾಕ್ಷಾರಸ ಹಂಚುವ ಪ್ರಭುಭೋಜನದಿಂದ ಹೊರಗಿಡುವುದು ನಮ್ಮ ಸಭೆಯ ನಿಯಮ. ಅಂಥವರ ಮನೆಯ ಮದುವೆ ಚರ್ಚಿನಲ್ಲಿ ನಡೆಯುವುದಿಲ್ಲ. ಚರ್ಚಿನಲ್ಲಿ ಆಗದಿದ್ದರೆ ನಿಪ್ಪಾಣಿಯ ಗಂಡಿನ ಕಡೆಯವರು ಸಂಬಂಧವನ್ನೇ ಮುರಿಯುತ್ತಿದ್ದರು.

ಆಕೆಯನ್ನು ಕರೆಸಿದರು. ದೂರು ಹೊತ್ತವರು ಹೊಸ್ತಿಲಾಚೆ ನಿಂತೇ ಉತ್ತರ ಹೇಳುವುದು ಮೊದಲಿನಿಂದ ಬಂದ ರೂಢಿ. ಆಕೆಯೂ ಹಾಗೇ ನಿಂತಳು. ಮಾವನವರು ಎದ್ದು ತಮ್ಮ ಕುರ್ಚಿಯನ್ನೇ ಬಾಗಿಲ ಒಳಗೆ ತಂದಿಟ್ಟರು.

“ಒಳಗ ಬಾ ತಂಗಿ. ಕುಂತು ಮಾತಾಡು.”

“ಬ್ಯಾಡ್ರಿ ಅಯ್ಯಾರ. ನಿಂತ್ರೂ ನಡೀತೈತ್ರಿ.”

“ನಿನಗ ನಡೀತೈತಿ. ನನಗ ನಡ್ಯಾಂಗಿಲ್ಲ.”

ಆಕೆ ಕುರ್ಚಿಯ ತುದಿಗೆ ಕುಳಿತಳು. ಮಾವನವರು ಹಿರಿಯರ ಬೆಂಚಿನ ಮೇಲೆ ಜಾಗ ಮಾಡಿಕೊಂಡರು.

“ಜಾತ್ರಿಗೆ ಹೋಗಿದ್ದೇನು?”

“ಹೋಗಿದ್ನಿರಿ, ಬಳಿ ಮಾರಾಕ. ಅಲ್ಲಿ ಆಗೂವಷ್ಟು ಯಾಪಾರ ವರ್ಸ ತಿರುಗಿದ್ರೂ ಆಗಂಗಿಲ್ರಿ. ಗುಡಿ ಕಡೆ ಹೊಳ್ಳಿ ನೋಡಾಕ ಪುರಸತ್ತ ಎಲ್ಲಿತ್ರಿ?”

“ಹಂಗಾರ ಭಂಡಾರ ಎಲ್ಲಿಂದ ಬಂತು?” ತಕರಾರು ತಂದ ಹಿರಿಯರು ಕೇಳಿದರು.

“ಗಾಳಿಗೆ ಬಂತ್ರಿ ಸಾವ್ಕಾರ. ಗಾಳಿ ಮಂದಿ ಹೆಸರ ಕೇಳಿ ಬೀಸತೈತೇನ್ರಿ?”

ಬೆಂಚಿನ ಮೇಲೆ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. “ಬಾಯಿಗೇನ ಕಡಿಮಿ ಇಲ್ಲ. ಸಾಕ್ಷಿ ಯಾರು?” ಎಂದರು ಅದೇ ಹಿರಿಯರು.

ಆಗ ನಾನು ಚಹಾದ ತಾಟು ಹಿಡಿದು ಒಳಗೆ ಬಂದಿದ್ದೆ. ಅದೇ ಜಾತ್ರೆಯ ದನದ ಪೇಟೆಗೆ ನನ್ನ ಗಂಡ ಎಮ್ಮೆ ತರಲು ಹೋಗಿದ್ದರು. ಅವರ ಬಿಳಿ ಅಂಗಿಯನ್ನು ತಿಕ್ಕಿ ತಿಕ್ಕಿ ನನ್ನ ಬೆರಳು ಸವೆದಿದ್ದವು. ಹಿರಿಯರ ಸಭೆಯಲ್ಲಿ ಸೊಸೆಯಂದಿರು ಮಾತನಾಡುವ ಪದ್ಧತಿ ಇರಲಿಲ್ಲ. ತಾಟು ಕೆಳಗಿಟ್ಟು ಹೇಳಿದೆ:

“ಮಾವಾರ, ನಿಮ್ಮ ಮಗ ಎಮ್ಮಿ ತರಾಕ ಹಾಕ್ಕೊಂಡು ಹೋಗಿದ್ದ ಅಂಗಿ ಹಿತ್ತಲದಾಗ ಒಣಗಾಕತ್ತೈತ್ರಿ. ಕಾಲರಿನ ಹಳದಿ ಇನ್ನೂ ಹೋಗಿಲ್ರಿ.”

ತಕರಾರಿನ ಹಿರಿಯರು ಮೆತ್ತಗಾದರು. “ಅದರ ಮಾತ ಬ್ಯಾರೆ ಬಿಡವ್ವಾ. ಅಯ್ಯಾರ ಮಗ ಅಂವಾ. ಎಮ್ಮಿ ತರಾಕ ಹೋಗಿದ್ದ.”

“ಈಕಿ ಬಳಿ ಮಾರಾಕ ಹೋಗಿದ್ಳು,” ಎಂದರು ಮಾವನವರು. “ಬ್ಯಾರೆ ಏನೈತಿ?”

ಅಂಗಿ ತರಿಸಿ ಬೆಂಚಿನ ಮೇಲೆ ಹರವಿದರು. “ನಿಯಮ ಹಚ್ಚೂಣು. ಮೊದಲ ನನ್ನ ಮಗನ್ನ ಹೊರಗಿಡ್ರಿ. ಆಮ್ಯಾಗ ಈಕಿ ಮಗಳ ಮದುವಿ ನಿಲ್ಲಸೂಣು.”

ದನಿ ಏರಿರಲಿಲ್ಲ. ಬಾಕಿ ಉಳಿದ ಅರ್ಧ ಸೂರು ಅವರಿಗೂ ನೆನಪಿತ್ತು.

ಆ ಹಿರಿಯರು ಹೆಬ್ಬೆರಳ ಉಗುರಿನಿಂದ ಕಾಲರನ್ನು ಕೆರೆದು ನೋಡಿದರು. “ಗಾಳಿದ ಐತಿ ಬಿಡ್ರಿ. ಮೂರನೇದೂ ಓದ್ರಿ,” ಎಂದು ಚಹಾವನ್ನು ಬಸಿಗೆ ಸುರಿದುಕೊಂಡರು. ಮಾವನವರು ಅವರನ್ನು ಮತ್ತೆ ಕೆಣಕಲಿಲ್ಲ. ಅವರೂ ಮಳೆಗಾಲಕ್ಕೆ ಮುಂಚೆ ತಗಡು ಕಳಿಸಿದರು.

ಆ ಕುರ್ಚಿ ಮಾತ್ರ ಬಾಗಿಲ ಒಳಗೇ ಉಳಿಯಿತು. ಹೊಸ್ತಿಲಾಚೆ ನಿಲ್ಲಿಸುವ ರೂಢಿ ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳ ಮೇಲೆ ಅದೇ ಹಿರಿಯರ ಮೇಲೆ ದೂರು ಬಂದಾಗ ಅವರೂ ಅದರಲ್ಲೇ ಕುಳಿತು ಮಾತನಾಡಿದರು.

ಮಗಳ ಮದುವೆಯ ಹಿಂದಿನ ದಿನ ಆ ವಿಧವೆ ಬುಟ್ಟಿ ಹೊತ್ತು ಬಂದು, ಕೈ ಹಿಚುಕಿ ಹಿಚುಕಿ ನನಗೆ ಹಸಿರು ಬಳೆ ಇಟ್ಟಳು. ರೊಕ್ಕ ಬೇಡವೆಂದಳು. ಅಂಗಳದಿಂದ ಮಾವನವರ ದನಿ ಬಂತು:

“ರೊಕ್ಕ ಕೊಡವ್ವಾ. ನ್ಯಾಯ ಹೇಳಿದ ಮನಿಯಾಗ ಪುಕಟ ಬಳಿ ಇಡಸ್ಕೋಬಾರ್ದು.”

“ಹಂಗಾರ ತೊಗೋತೀನ್ರಿ ಅಯ್ಯಾರ,” ಎಂದು ಆಕೆ ಸೆರಗು ಸಿಕ್ಕಿಸಿಕೊಂಡಳು. “ಆದ್ರ ನಿಮ್ಮ ಸೊಸಿ ಅಂತ ಒಂದ ರೂಪಾಯಿನೂ ಬಿಡಾಂಗಿಲ್ಲ ನೋಡ್ರಿ.”

ಪೂರಾ ಬೆಲೆ ಕೊಟ್ಟೆ. ಮರುದಿನ ಚರ್ಚಿನಲ್ಲಿ ಕೀರ್ತನೆಯ ಪುಸ್ತಕ ಹಿಡಿದಾಗ ಬಳೆಗಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಸದ್ದು ಮಾಡಿದವು. ಕೈ ಅಲುಗದಂತೆ ಹಿಡಿಯಲು ನಾನೂ ಹೋಗಲಿಲ್ಲ.