ಗೂಟದ ಮೇಲಿನ ಸೀಟು

ಮೂವತ್ತೆರಡು ರೂಪಾಯಿ, ಬರೀ ಒಂದು ಸೈಕಲ್ ಸೀಟಿಗೆ! ಎಪ್ಪತ್ತರ ದಶಕದಲ್ಲಿ ಅಷ್ಟು ಕೊಟ್ಟು ಸೀಟು ಕೊಳ್ಳುವವನು ಸಾಹುಕಾರನ ಮಗನಿರಬೇಕು, ಇಲ್ಲವೇ ತಲೆಕೆಟ್ಟವನಿರಬೇಕು. ನಮ್ಮ ಲೈನ್‌ಮನ್ ಅಣ್ಣ ಎರಡೂ ಆಗಿರಲಿಲ್ಲ. ಕೆಂಗಂದು ಬಣ್ಣದ ದಪ್ಪ ಚರ್ಮ, ಅಂಚಿನುದ್ದಕ್ಕೂ ಹಿತ್ತಾಳೆಯ ಗುಂಡುಮೊಳೆ, ಕೆಳಗೆ ಹೆಬ್ಬೆರಳು ಗಾತ್ರದ ಮೂರು ಸ್ಪ್ರಿಂಗು. ಅಂಗೈಯಿಂದ ಒತ್ತಿ ಬಿಟ್ಟರೆ ಅವಸರವಿಲ್ಲದೆ ಮೇಲೆದ್ದು ಮತ್ತೆ ತನ್ನ ಆಕಾರಕ್ಕೆ ಬರುತ್ತಿತ್ತು. ಕೊಟ್ಟೂರಿನ ಸೈಕಲ್ ಅಂಗಡಿಯ ಮಿಸ್ತ್ರಿಯ ಹತ್ತಿರ ಅದಕ್ಕೆ ಚೌಕಾಸಿ ಮಾಡಿದವನು ನಾನೇ. ಆಗ ನಾನು ಊರೂರು ತಿರುಗಿ ಹಳೆ ಕಬ್ಬಿಣ ಕೊಂಡು ಮಾರುತ್ತಿದ್ದೆ. ನಾನು ಇಳಿಸಿದ್ದಕ್ಕಿಂತ ಕೆಳಗೆ ಆ ಬೆಲೆಯನ್ನು ಇನ್ಯಾರೂ ಇಳಿಸುತ್ತಿರಲಿಲ್ಲ, ನಂಬಿ.

ಆದರೆ ಅಣ್ಣ ಆ ಸೀಟನ್ನು ಸೈಕಲ್ಲಿಗೆ ಹಾಕಲಿಲ್ಲ. ಮನೆಗೆ ತಂದು ಗೋಡೆಯ ಗೂಟಕ್ಕೆ ತೂಗುಹಾಕಿದ.

ಯಾಕೆಂದು ಹೇಳಬೇಕಾದರೆ ನಮ್ಮೂರ ಬೀದಿಯ ವಿಷಯ ಹೇಳಬೇಕು. ಕೊಟ್ಟೂರಿನಿಂದ ಬಂದರೆ ಮೊದಲು ಅಗಸಿಬಾಗಿಲು, ಆಮೇಲೆ ಗೌಡರ ಚಾವಡಿ, ಅದನ್ನು ದಾಟಿದ ಮೇಲೆ ನಮ್ಮ ಕೇರಿ. ಬೇರೆ ದಾರಿಯಿಲ್ಲ. ಅಗಸಿಯಿಂದ ಚಾವಡಿ ದಾಟುವವರೆಗೆ ನಮ್ಮ ಕೇರಿಯವರು ಸೈಕಲ್ಲಿನ ಮೇಲೆ ಕುಳಿತು ಹೋಗುವಂತಿರಲಿಲ್ಲ. ಇಳಿದು ತಳ್ಳಬೇಕು. ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ಸರಕಾರದ ಕಾನೂನು ಬೇರೆ ಹೇಳುತ್ತಿತ್ತು, ಬೀದಿ ಬೇರೆ ಹೇಳುತ್ತಿತ್ತು.

ಕೇರಿಯಲ್ಲಿ ಮೊದಲು ತಿಂಗಳ ಸಂಬಳ ಕಂಡವನು ಅಣ್ಣ. ನನಗೆ ಪಕ್ಕದ ಮನೆಯವನು; ಒಡಹುಟ್ಟಿದವನಲ್ಲ, ಆದರೂ ಕೇರಿಗೆಲ್ಲ ಅವನು ಅಣ್ಣನೇ. ಖಾಕಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕಂಬ ಹತ್ತಿ ಹತ್ತಿ ಕಲ್ಲಾದ ಮೀನಖಂಡ. ಕಂಬ ಹತ್ತುವ ಮುಂಚೆ ಎತ್ತಿನ ಬೆನ್ನು ಚಪ್ಪರಿಸಿದಂತೆ ಅದನ್ನು ಚಪ್ಪರಿಸುತ್ತಿದ್ದ. ಜಂಬ ಸ್ವಲ್ಪ ಹೆಚ್ಚೇ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಸೈಕಲ್ಲಿನ ಫ್ರೇಮಿಗೆ ಕೆಂಪು, ಹಳದಿ, ನೀಲಿ ವೈರಿನ ತುಂಡುಗಳನ್ನು ಬಳೆ ಜೋಡಿಸಿದಂತೆ ಸುತ್ತಿದ್ದ. ಮುಂದಿನ ಮಡ್‌ಗಾರ್ಡಿನ ಮೇಲೆ ಬುದ್ಧನ ಚಿಕ್ಕ ಚಿತ್ರ. ಬೆಲ್ಲು ಬಾರಿಸಿದರೆ ಎಮ್ಮೆಗಳೂ ಗೌರವದಿಂದ ದಾರಿ ಬಿಡುತ್ತವೆ ಎಂದು ಹೇಳಿಕೊಳ್ಳುತ್ತಿದ್ದ.

ಸಂತೆಯ ದಿನ ಮಿಸ್ತ್ರಿಯ ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಸೈಕಲ್ ಹುಚ್ಚರೆಲ್ಲ ಸೇರುತ್ತಿದ್ದರು. ಮಾತೆಲ್ಲ ಒಂದೇ: ಯಾರ ಸೈಕಲ್ಲಿಗೆ ಏನು ಬಂತು, ಮುಂದೆ ಏನು ಬರಲಿದೆ. ಹಡಗಲಿಯ ಕಡೆಯಿಂದ ಮಲ್ಲಿಗೆಯ ಬುಟ್ಟಿ ಕಟ್ಟಿಕೊಂಡು ಬರುವ ಹೂವಿನವನು ಹಿಂದಿನ ಗಾಲಿ ಎತ್ತಿ ತಿರುವುತ್ತಿದ್ದ.

“ನೋಡ್ರಿ, ಒಮ್ಮಿ ತಿರುವಿದ್ರ ನಾ ಚಾ ಕುಡಿದು ಮುಗಿಸೂತನ ನಿಲ್ಲಂಗಿಲ್ಲ.”

“ನೀ ಕುಡಿಯೋದು ಬಸಿಯಾಗಿನ ಒಂದ ಗುಟುಕು,” ಎನ್ನುತ್ತಿದ್ದ ಕೂಡ್ಲಿಗಿಯ ಮಾಸ್ತರ. ಅವನದು ಡೈನಮೊ ದೀಪದ ಸೈಕಲ್ಲು. “ಮುಂದಿನ ತಿಂಗಳು ಹಿಂದ ಒಂದು ಕೆಂಪು ದೀಪ ಹಾಕಸ್ತೀನಿ. ಲಾರಿಯೋರು ನನ್ನ ನೋಡಿ ದಾರಿ ಬಿಡಬೇಕು.”

ಅಣ್ಣ ಎಲ್ಲರದನ್ನೂ ಕೇಳಿ ಮುಗಿಸಿ, ಬೀಡಿ ಹಚ್ಚಿ, ತನ್ನ ಮಾತು ಬಿಡುತ್ತಿದ್ದ: “ನನ್ನ ಸೈಕಲ್ ಇಷ್ಟಕ್ಕ ಮುಗೀಲಿಲ್ಲ. ಇನ್ನೊಂದು ಬಾಕಿ ಐತಿ.”

ಬಾಕಿ ಇದ್ದದ್ದು ಗೂಟದ ಮೇಲಿನ ಸೀಟು. ಸೈಕಲ್ಲಿನ ಮೇಲಿದ್ದದ್ದು ಹರಿದು ಹತ್ತಿ ಕಾಣುವ ಹಳೆಯದು. ಮಿಸ್ತ್ರಿ ಬಿಡುತ್ತಿರಲಿಲ್ಲ.

“ಎಲ್ಲಾರೂ ಸೀಟು ಸೈಕಲ್‌ಗೆ ಹಾಕ್ತಾರ. ನಮ್ಮ ಲೈನ್‌ಮನ್ ಸಾಹೇಬ ಗ್ವಾಡಿಗೆ ಹಾಕ್ಯಾನ. ಗ್ವಾಡಿ ತುಳಕೊಂತ ಡ್ಯೂಟಿಗೆ ಹೋಗ್ತೀಯೇನಪಾ?”

“ಹಲ್ಲಿ ಕುಂದರ್ತೈತಿ ಬಿಡ್ರಿ. ಅದಕ್ಕೂ ಆರಾಮ ಬೇಕಲ್ಲ,” ಎಂದ ಹೂವಿನವನು.

ಅಣ್ಣನೂ ನಕ್ಕ. ಆಮೇಲೆ ಹೇಳಿದ: “ನಮ್ಮೂರ ಬೀದ್ಯಾಗ ಕುಂದ್ರೋ ದಿನ ಒಂದು ಬರ್ತೈತಲ್ಲ? ಅವತ್ತು ಸೀಟು ಹುಡುಕ್ಕೋಂತ ಕೊಟ್ಟೂರಿಗೆ ಬರ್ಲೇನು?”

ಮಿಸ್ತ್ರಿ ಎದ್ದು ಒಳಗೆ ಹೋಗಿ ಒಂದು ಚಿಕ್ಕ ಶೀಶೆಯಲ್ಲಿ ಔಡಲೆಣ್ಣೆ ತಂದುಕೊಟ್ಟ. “ವಾರಕ್ಕೊಮ್ಮಿ ಹಚ್ಚು. ಚರ್ಮ ಒಣಗಬಾರ್ದು.” ಅಲ್ಲಿಂದ ವಾರಕ್ಕೊಮ್ಮೆ ಅಣ್ಣ ಆ ಸೀಟನ್ನು ಗೂಟದಿಂದಿಳಿಸಿ, ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ಎಣ್ಣೆ ತೀಡಿದಂತೆ ತೀಡುತ್ತಿದ್ದ. ಪಕ್ಕದ ಮನೆಯ ನಾನು ಎಷ್ಟು ಸಲ ನೋಡಿದ್ದೇನೋ.

ಪೊಲೀಸರಿಗೆ ದೂರು ಕೊಡೋಣ ಎಂದು ನಾನೇ ಒಮ್ಮೆ ಅಂದಿದ್ದೆ. “ಪೊಲೀಸ್ನೋರು ಒಂದಿನ ಬರ್ತಾರ ತಮ್ಮ. ನಾವು ದಿನಾ ಬರಬೇಕು,” ಎಂದ.

ನೌಕರಿ ಸೇರಿದ ಹೊಸದರಲ್ಲಿ ಅಣ್ಣನೂ ಎಲ್ಲರಂತೆ ಇಳಿದು ತಳ್ಳಿದವನೇ. ಒಂದು ದಿನ ಚಾವಡಿಯ ದೀಪ ಕೆಟ್ಟಿತು. ಗೌಡರು ಆಳನ್ನು ಅಟ್ಟಿದರು. ಅಣ್ಣ ಸೈಕಲ್ ಹತ್ತಿ ಬಂದ. ಅಗಸಿ ಬಂದಾಗ ಇಳಿಯಲಿಲ್ಲ. ಸೀಟು ಬಿಟ್ಟು ಎದ್ದು, ಎರಡೂ ಪೆಡಲಿನ ಮೇಲೆ ನೆಟ್ಟಗೆ ನಿಂತು, ಹಾಗೇ ತುಳಿಯುತ್ತ ಚಾವಡಿಯ ಮುಂದೆ ಬಂದ.

ಕಟ್ಟೆಯ ಮೇಲಿದ್ದ ಗೌಡರ ಹುಬ್ಬು ಗಂಟಾಯಿತು. “ಏನಲೇ, ಸೈಕಲ್ ಮ್ಯಾಲೆ ಕುಂತು ಬರಾಕ ಹತ್ತೀಯಲ್ಲ?”

“ಕುಂತಿಲ್ರಿ ಗೌಡ್ರ, ನಿಂತೀನಿ. ದೊಡ್ಡೋರ ಮುಂದ ಎದ್ದು ನಿಲ್ಲಬೇಕಲ್ರಿ?”

ಕಟ್ಟೆಯ ಮೇಲಿನ ಹಿರಿಯರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಒಬ್ಬರು ನಕ್ಕ ಮೇಲೆ ಸಿಟ್ಟು ಮಾಡುವುದು ಕಷ್ಟ. ಗೌಡರು “ಹೋಗು, ದೀಪ ನೋಡು” ಎಂದರು. ಅಂದಿನಿಂದ ಅಣ್ಣ ಆ ಬೀದಿಯನ್ನು ನಿಂತೇ ದಾಟಿದ. ಕೈಯಲ್ಲಿ ಹ್ಯಾಂಡಲ್, ಎದೆ ಮುಂದೆ, ಬೆನ್ನು ಕಂಬದಷ್ಟು ನೇರ. ನೋಡಿದವರಿಗೆ ಇದು ಅವಮಾನ ಅನ್ನಿಸುತ್ತಿರಲಿಲ್ಲ, ಶೋಕಿ ಅನ್ನಿಸುತ್ತಿತ್ತು.

ಅನ್ನಿಸಿಯೂ ಬಿಟ್ಟಿತು. ಗೌಡರ ಕಿರಿಮಗನೂ ಸೈಕಲ್ ಹುಚ್ಚ. ಬೇವಿನ ಮರದ ಕೆಳಗೆ ಬರುವವನೇ. ಹ್ಯಾಂಡಲಿಗೆ ಪ್ಲಾಸ್ಟಿಕ್ ಗೊಂಡೆ, ಎರಡು ಕನ್ನಡಿ, ಹೊಳೆಯುವ ಚೈನ್ ಕವರು, ಏನುಂಟು ಏನಿಲ್ಲ. ಅಣ್ಣ ನಿಂತು ತುಳಿಯುವುದನ್ನು ಕಂಡು, ಇದು ಯಾವುದೋ ಹೊಸ ಸ್ಟೈಲು ಎಂದುಕೊಂಡ. ತಾನೂ ಎದ್ದು ನಿಂತ. ಅವನನ್ನು ಕಂಡು ಮೇಲಿನ ಓಣಿಯ ಹುಡುಗರೂ ನಿಂತರು. ಕೆಲವೇ ದಿನಗಳಲ್ಲಿ ಚಾವಡಿಯ ಮುಂದೆ ಸೈಕಲ್ಲಿನ ಮೇಲೆ ಕುಳಿತು ಹೋಗುವವನು ಹಳೆಗಾಲದವನು ಎಂಬಂತಾಯಿತು. ಎಲ್ಲರೂ ಎದೆ ಸೆಟೆಸಿ ನಿಂತೇ ತುಳಿಯುವವರು. ಕೇರಿಯಲ್ಲಿ ನಾವು ಬಾಗಿಲು ಹಾಕಿಕೊಂಡು ನಕ್ಕೆವು.

ಆ ಹೊತ್ತಿಗೆ ಹರಪನಹಳ್ಳಿಯಿಂದ ಗೌಡರ ಆ ಮಗನನ್ನು ನೋಡಲು ಹೆಣ್ಣಿನ ಕಡೆಯವರು ಬಂದರು. ಮಗರಾಯ ಹೊಸ ಅಂಗಿ ತೊಟ್ಟು, ಅವರ ಕಣ್ಣಿಗೆ ಬೀಳಲೆಂದೇ ಬೀದಿಯ ಈ ತುದಿಯಿಂದ ಆ ತುದಿಗೆ ನಿಂತು ತುಳಿದ. ತಿರುಗಿ ಬಂದ. ಮತ್ತೆ ಹೋದ. ಹೆಣ್ಣಿನ ಸೋದರಮಾವ ಗೌಡರ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು ಕಟ್ಟೆಗೆಲ್ಲ ಕೇಳುವಂತೆ ಕೇಳಿದನಂತೆ:

“ಹುಡುಗಗ ಕುಂದ್ರಾಕ ಏನರ ತ್ರಾಸ ಐತೇನ್ರಿ? ಮೂಲವ್ಯಾಧಿ ಇದ್ರ ಈಗs ಹೇಳಿಬಿಡ್ರಿ, ಮುಚ್ಚಿಡಬ್ಯಾಡ್ರಿ.”

ಮರುದಿನ ಗೌಡರು ಅಣ್ಣನನ್ನು ಕರೆಸಿದರು. ಅವರ ಹಿತ್ತಿಲಿನ ಹಳೆ ನೇಗಿಲ ಕಬ್ಬಿಣ ತೂಗಿಸಿಕೊಳ್ಳಲು ಹೋದ ನಾನು ಚಾವಡಿಯ ಪಕ್ಕದಲ್ಲೇ ತಕ್ಕಡಿ ಹಿಡಿದು ನಿಂತಿದ್ದೆ. ಹಾಗಾಗಿ ಇನ್ನು ಮುಂದಿನದು ನಾನು ಕಿವಿಯಾರೆ ಕೇಳಿದ್ದು.

“ಲೇ, ನಿನ್ನ ನೋಡಿ ನಮ್ಮ ಹುಡುಗ್ರೆಲ್ಲ ಕೆಟ್ಟು ನಿಂತಾವ. ಇವತ್ತಿಂದ ನೀ ಸುಮ್ನ ಕುಂತು ಹೋಗು.”

ತಕ್ಕಡಿ ಹಿಡಿದಲ್ಲೇ ನಾನು ಮನಸ್ಸಿನಲ್ಲಿ ಕೂಗಿದೆ: ಹೂಂ ಅನ್ನು ಅಣ್ಣ, ಹೂಂ ಅನ್ನು! ಎದುರಿನವನು ತಾನಾಗಿ ಬೆಲೆ ಇಳಿಸಿದಾಗ ತಟ್ಟನೆ ಮುಗಿಸಿಬಿಡಬೇಕು ಎಂಬುದು ಆಗ ನನ್ನ ವ್ಯಾಪಾರದ ಬುದ್ಧಿ. ಅಣ್ಣ ಮಾತ್ರ ತಲೆ ಕೆರೆದುಕೊಂಡು, ಭಾರಿ ಚಿಂತೆ ಬಂದವನಂತೆ ನಿಂತ.

“ಕುಂದರ್ತೀನ್ರಿ ಗೌಡ್ರ. ಆದ್ರ ನಾ ಒಬ್ಬಾವ ಕುಂತ್ರ ಆತೇನ್ರಿ? ನಮ್ಮ ಕೇರಿಯೋರು ಉಳಿದೋರು ಸೈಕಲ್ ತಳ್ಳಿಕೊಂಡು ಹೊಕ್ಕಾರ. ಇದೂ ಒಂದು ಸ್ಟೈಲ್ ಅಂತ ನಾಳೆ ಸಣ್ಣ ಗೌಡ್ರು ತಳ್ಳಾಕ ಸುರು ಮಾಡಿದ್ರ? ಬೀಗ್ರು ಮತ್ತ ಬರ್ತಾರ. ಸೈಕಲ್ ಹೊಡ್ಯಾಕs ಬರಂಗಿಲ್ಲೇನ್ರಿ ಅಂತ ಕೇಳಿದ್ರ ಏನಂತ ಹೇಳ್ತೀರಿ?”

ಗೌಡರ ಮುಖ ಕೆಂಪಾಯಿತು. ಕಟ್ಟೆಯ ಮೇಲಿನವರು ಟವೆಲ್ಲು ಬಾಯಿಗೆ ಒತ್ತಿಕೊಂಡರು. “ಎಲ್ಲಾರೂ ಕುಂತು ಹೋಗ್ರಿ, ಮಾರಾಯಾ! ನಿಮ್ಮ ಕೇರಿಗೆ ಕೇರಿನs ಕುಂತು ಹೋಗ್ರಿ! ತಲಿ ತಿನ್ನಬ್ಯಾಡ, ನಡಿ!”

ಅಣ್ಣ ಕಟ್ಟೆಯ ಕಡೆ ತಿರುಗಿ ಕೈಮುಗಿದ. “ಹಿರೇರೆಲ್ಲ ಕೇಳಿಸ್ಕೊಂಡ್ರಲ್ರಿ?”

ಆ ದಿನ ಕಲಿತದ್ದನ್ನೇ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.

ಮುಂದಿನ ಸಂತೆಯ ದಿನ ಗೂಟ ಖಾಲಿಯಾಯಿತು. ಬೇವಿನ ಮರದ ಕೆಳಗೆ ಮಿಸ್ತ್ರಿ ತಾನೇ ಪಾನಾ ಹಿಡಿದು ಆ ಸೀಟನ್ನು ಬಿಗಿದ. ಅಂಗಡಿಯ ಬಾಡಿಗೆ ಸೈಕಲ್ಲುಗಳನ್ನೆಲ್ಲ ಹೊರಗೆ ಎಳೆದು, ಸೈಕಲ್ಲಿಲ್ಲದ ನಮ್ಮ ಕೇರಿಯವರಿಗೆ ಕೊಟ್ಟ. “ಇವತ್ತು ಬಾಡಿಗಿ ಮಾತು ಆಡಿದ್ರ ನಾಲಿಗಿ ಕೀಳ್ತೀನಿ,” ಎಂದ. ನಾನಾಗಿದ್ದರೆ ಅರ್ಧವಾದರೂ ತೆಗೆದುಕೊಳ್ಳುತ್ತಿದ್ದೆ. ಹೂವಿನವನು ಹ್ಯಾಂಡಲುಗಳಿಗೆ ಮಲ್ಲಿಗೆ ದಂಡೆ ಕಟ್ಟಿದ. ಮಾಸ್ತರ ಹಾಡುಹಗಲಲ್ಲೇ ಡೈನಮೊ ದೀಪ ಹಚ್ಚಿಕೊಂಡು ಮುಂದೆ ನಿಂತ.

ಸಂತೆಗೆ ಬಂದಿದ್ದ ತನ್ನ ಅವ್ವನನ್ನು ಅಣ್ಣ ಕ್ಯಾರಿಯರಿನ ಮೇಲೆ ಕೂಡ್ರಿಸಿಕೊಂಡ. ಅಗಸಿ ಕಂಡದ್ದೇ ತಡ, ಅವಳ ಕೈ ತಾನಾಗಿ ಚಪ್ಪಲಿಗೆ ಹೋಯಿತು.

“ನಿಂದರ್ಸಪಾ, ಇಳೀತೀನಿ.”

“ಅವ್ವಾ, ನೀ ಇಳದ್ರ ಸೈಕಲ್ ವಾಲ್ತೈತಿ. ಸುಮ್ನ ಕುಂದ್ರು.”

“ಜನಾ ನೋಡ್ತಾರೋ.”

“ನೋಡ್ಲಿ ಅಂತs ಸೀಟು ತಂದೀನಿ!”

ಮಗನ ಖಾಕಿ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಕಣ್ಣು ಮುಚ್ಚಿದಳು. ನಾವೆಲ್ಲ ಒಟ್ಟಿಗೆ ಬೆಲ್ಲು ಬಾರಿಸಿದೆವು. ಅಷ್ಟು ಬೆಲ್ಲು ಒಮ್ಮೆಲೇ ಆ ಬೀದಿ ಎಂದೂ ಕೇಳಿರಲಿಕ್ಕಿಲ್ಲ. ಛಾವಣಿಯ ಪಾರಿವಾಳಗಳೆಲ್ಲ ಎದ್ದವು. ಅಣ್ಣ ಹೊಸ ಸೀಟಿನ ಮೇಲೆ ಇಡೀ ಭಾರ ಬಿಟ್ಟು, ಅವಸರವೇ ಇಲ್ಲದೆ, ಮದುವೆಯ ಮಣೆಯ ಮೇಲೆ ಕುಳಿತವನಂತೆ ಕುಳಿತು ತುಳಿದ. ಗೌಡರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು, ತಲೆಯೆತ್ತಲಿಲ್ಲ. ಅವರ ಕಿರಿಮಗ ಮಾತ್ರ ಎಲ್ಲಿಂದಲೋ ಬಂದು ಸಾಲಿನ ಕೊನೆಗೆ ಸೇರಿಕೊಂಡ, ಗೊಂಡೆ ಹಾರಿಸುತ್ತ, ಕುಳಿತುಕೊಂಡೇ. ಚಾವಡಿ ದಾಟಿದ ಮೇಲೆ ಅವ್ವ ಕಣ್ಣು ಬಿಟ್ಟು ಕೇಳಿದಳು, “ಮುಗೀತೇನು?” ಅಣ್ಣ ಸೈಕಲ್ ತಿರುಗಿಸಿದ. ಅವಳು ನೋಡಲಿ ಎಂದು ಅದೇ ಬೀದಿಯಲ್ಲಿ ಇನ್ನೊಂದು ಸಲ ಕರೆದುಕೊಂಡು ಹೋದ.

ಮುಂದಿನ ವಾರ ಬೇವಿನ ಮರದ ಕೆಳಗೆ ಮಿಸ್ತ್ರಿ ಕಾಲೆಳೆದ: “ಮುಗೀತಲ್ಲಪಾ ನಿನ್ನ ಸೈಕಲ್? ಇನ್ನೇನು ಹೇಳ್ಕೊಂತಿ?”

ಅಣ್ಣ ಬೀಡಿ ಹಚ್ಚಿದ. “ಎಲ್ಲಿಂದು. ಇನ್ನೊಂದು ಬಾಕಿ ಐತಿ. ನಮ್ಮೂರ ಹೋಟ್ಲಾಗ ನಮಗಂತ ಬ್ಯಾರೆ ಕಪ್ಪು ಇಟ್ಟಾರಲ್ಲ, ಅದು.”

ಅದೂ ಹೋಯಿತು, ಎಂಬತ್ತರ ದಶಕ ಮುಗಿಯುವಷ್ಟರಲ್ಲಿ. ಅದರ ಕಥೆಯೂ ದೊಡ್ಡದೇ. ಅಣ್ಣ ಒಂದಾದ ಮೇಲೊಂದು ಬಾಕಿ ಹುಡುಕುತ್ತಲೇ ಇದ್ದ. ನಿವೃತ್ತನಾದ ಮೇಲೂ ಅದೇ ಸೈಕಲ್ಲು, ಅದೇ ಸೀಟು. ಚರ್ಮದ ಮೇಲೆ ಅವನು ಕೂತ ಗುರುತು ಅಚ್ಚಾಗಿತ್ತು. ಅವನು ತೀರಿಕೊಂಡ ದಿನ ಮೆರವಣಿಗೆಯ ಮುಂದೆ ಅವನ ಸೈಕಲ್ಲೂ ಬರಲಿ ಎಂದು ಎಲ್ಲರೂ ಅಂದರು. ನಾನು ಹ್ಯಾಂಡಲ್ ಹಿಡಿದು ತಳ್ಳಲು ಹೊರಟೆ. ಅವನ ಮಗಳು ನನ್ನ ಕೈ ಸರಿಸಿದಳು.

“ಕಾಕಾ, ಅಪ್ಪನ ಸೈಕಲ್ ಈ ಬೀದ್ಯಾಗ ತಳ್ಳಂಗಿಲ್ಲ.”

ಕಣ್ಣೊರೆಸಿಕೊಂಡು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು. ಸೀಟಿನ ಮೇಲೆ ಕುಳಿತು, ಅಪ್ಪನ ಮುಂದೆ ಮುಂದೆ ನಿಧಾನಕ್ಕೆ ತುಳಿಯುತ್ತ ಹೋದಳು.

ಈಗ ಹರಪನಹಳ್ಳಿಯಲ್ಲಿ ನನ್ನದೇ ಸೈಕಲ್ ಅಂಗಡಿಯಿದೆ. ಮಕ್ಕಳಿಗೆ ಸೈಕಲ್ ಕೊಳ್ಳಲು ಬರುವವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಬೆಲ್ಲು, ದೀಪ, ಕನ್ನಡಿ, ಗೊಂಡೆ, ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ. ನಾನೂ ಬಿಡುವವನಲ್ಲ, ನೀವೂ ಬಿಡಬೇಡಿ. ಎದುರಿನವನು ಒಬ್ಬನಿಗೆಂದು ಕೊಟ್ಟರೆ ತಲೆ ಕೆರೆದುಕೊಂಡು ಸ್ವಲ್ಪ ನಿಲ್ಲಿ, ಎಲ್ಲರಿಗೆಂದು ಕೊಡುವವರೆಗೆ ಹೂಂ ಅನ್ನಬೇಡಿ. ಆದರೆ ಸೀಟಿನ ವಿಷಯದಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ಒಳ್ಳೆಯದನ್ನೇ ಕೊಳ್ಳಿ, ಕೂರುವ ದಿನ ಬರುವ ಮೊದಲೇ ಕೊಳ್ಳಿ, ವಾರಕ್ಕೊಮ್ಮೆ ಎಣ್ಣೆ ಹಚ್ಚಿಡಿ.